ಕೊನೆಯ ಕೆಲಸಗಳ ನೋಟ್‌ಬುಕ್: ಈಗಲೇ ಬರೆದಿಡುವುದು ಹೇಗೆ

ಸಾವಿನ ಮನೆಯಲ್ಲಿ ಅಳು ನಿಲ್ಲುವ ಮೊದಲೇ ಹುಡುಕಾಟ ಶುರುವಾಗುತ್ತದೆ. ಆಧಾರ್ ಕಾರ್ಡ್ ಎಲ್ಲಿದೆ, ಬೀರುವಿನ ಬೀಗದ ಕೈ ಯಾರ ಹತ್ತಿರ, ಸುಡುವುದೋ ಹೂಳುವುದೋ, ಕೊಳ್ಳಿ ಇಡುವವರು ಯಾರು, ಪುರೋಹಿತರ ನಂಬರು ಯಾರ ಮೊಬೈಲಿನಲ್ಲಿದೆ? ಇವಕ್ಕೆಲ್ಲ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರು ನಡುಮನೆಯಲ್ಲಿ ಮಲಗಿಬಿಟ್ಟಿರುತ್ತಾರೆ. ಆಗ ತೀರ್ಮಾನ ಕೊಡುವುದು ಜೋರು ಗಂಟಲಿನ ನೆಂಟ.

ಪಾಲಿಕೆಯ ಜನನ-ಮರಣ ನೋಂದಣಿ ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿ ಅಲ್ಲೇ ನಿವೃತ್ತಳಾದವಳು ನಾನು. ಕೌಂಟರಿನ ಆಚೆ ನಿಂತವರನ್ನು ದುಃಖಕ್ಕಿಂತ ಹೆಚ್ಚಾಗಿ ಗೊಂದಲವೇ ಹಣ್ಣು ಮಾಡಿರುತ್ತಿತ್ತು. ಅದರಲ್ಲಿ ಬಹುಪಾಲು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಿಂದ ತಪ್ಪುವಂಥದ್ದು. ಅಪಶಕುನ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಜೀವವಿಮೆ ಮಾಡಿಸಿದಾಗ ಶಕುನ ನೋಡಿದ್ದಿರಾ?

ಮಾತು ತೆಗೆಯುವುದು

ನಿಮ್ಮದನ್ನು ನೀವು ಬರೆದುಕೊಳ್ಳುವುದು ಸುಲಭ. ಕಷ್ಟವಿರುವುದು ಅಪ್ಪ ಅಮ್ಮನ ಬಳಿ ಮಾತು ತೆಗೆಯುವುದರಲ್ಲಿ. "ನೀವು ಹೋದಮೇಲೆ" ಎಂದು ಮೊದಲಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೆಯವರ ಸಾವಿನಿಂದ ಶುರು ಮಾಡಿ. ತಿಥಿ ಊಟ ಮುಗಿಸಿ ಬಂದ ಸಂಜೆಯಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಆ ಮನೆಯವರು ಮಾಡಿದ್ದೆಲ್ಲದರ ಬಗ್ಗೆಯೂ ಹಿರಿಯರಿಗೆ ಖಚಿತ ಅಭಿಪ್ರಾಯವಿರುತ್ತದೆ. ಆ ಅಭಿಪ್ರಾಯದೊಳಗೇ ಅವರ ಸ್ವಂತ ಆಸೆ ಕೂತಿರುತ್ತದೆ.

ನಮ್ಮ ಅತ್ತೆ ಒಂದು ವೈಕುಂಠ ಸಮಾರಾಧನೆಯಿಂದ ಬಂದು, ಸೀರೆ ಬದಲಿಸುತ್ತಲೇ, "ಶಾಮಿಯಾನ ಹಾಕಿ ಮದುವೆಯ ಹಾಗೆ ಬಡಿಸಿದ್ದಾರೆ. ನನಗೆ ಈ ವೈಭವವೆಲ್ಲ ಬೇಡ" ಎಂದರು. ನಾನು ಪೆನ್ನು ತೆಗೆದುಕೊಂಡೆ.

"ಏನಮ್ಮಾ ಬರೆಯುತ್ತಿದ್ದೀಯ?"

"ನೀವು ಹೇಳಿದ್ದನ್ನೇ, ಅತ್ತೆ."

"ಹಾಗಾದರೆ ಇದನ್ನೂ ಬರೆದುಕೋ. ನನ್ನ ಮೂಗುಬೊಟ್ಟನ್ನು ಸುಡುವುದಕ್ಕೆ ಬಿಡಬೇಡಿ. ಮೊದಲೇ ತೆಗೆದು ಮೊಮ್ಮಗಳಿಗೆ ಕೊಡಿ. ಮತ್ತೆ ಆ ಹಸಿರು ಸೀರೆ ಉಡಿಸಬೇಡಿ, ಚುಚ್ಚುತ್ತದೆ."

ಕೆಳಗೆ ದಿನಾಂಕ ಬರೆದು ಅವರ ಸಹಿಯನ್ನೂ ಹಾಕಿಸಿದೆ. ಮುಂದೆ ಆ ಕಾಲ ಬಂದಾಗ, ಊಟಕ್ಕೆ ಎಷ್ಟು ಎಲೆ ಎಂಬ ಚರ್ಚೆ ಎದ್ದ ಕೂಡಲೇ ಆ ಪುಟ ತೋರಿಸಿದೆವು. ಮೈದುನ ಓದಿ ಸುಮ್ಮನಾದ.

ನಮ್ಮ ಮನೆಯವರ ಬಳಿ ಈ ಉಪಾಯ ನಡೆಯಲಿಲ್ಲ. ಅವರು ದಿನವೂ ವಾಕಿಂಗ್ ಹೋಗುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರವಚನದ ಪಾಡ್‌ಕಾಸ್ಟ್ ಕೇಳುವವರು. ಕಠೋಪನಿಷತ್ತಿನ ನಚಿಕೇತ ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಕಾದ ಕಥೆ ಬಂದ ದಿನ, "ನಚಿಕೇತನೇ ಕೇಳಿದ ಮೇಲೆ ನಾನೂ ಕೇಳಬಹುದಲ್ಲ?" ಎಂದು ಶುರು ಮಾಡಿದೆ. ನಿಮ್ಮ ಮನೆಯಲ್ಲಿ ಅದು ಭಾನುವಾರದ ಚರ್ಚಿನ ಪ್ರಸಂಗವಾಗಿರಬಹುದು, ಶುಕ್ರವಾರದ ಬಯಾನ್ ಆಗಿರಬಹುದು, ಶರಣರ ವಚನ ವ್ಯಾಖ್ಯಾನವಾಗಿರಬಹುದು. ಸಾವಿನ ಮಾತು ಆಡದ ಧರ್ಮವಿಲ್ಲ. ಧರ್ಮದ ಮಾತಿನ ಬೆನ್ನಿಗೆ ಲೌಕಿಕದ ಪ್ರಶ್ನೆ ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಇನ್ನು ಮೊಮ್ಮಗ. ಅವನದು ಇಡೀ ದಿನ ಕತ್ತಿವೀರರ ಜಪಾನೀ ಅನಿಮೆ. ಸಮುರಾಯಿಗಳು ಸಾಯುವ ಮುನ್ನ ಜಿಸೆಯ್ ಎಂಬ ಪುಟ್ಟ ಪದ್ಯ ಬರೆದಿಡುತ್ತಿದ್ದರು, 1701ರಲ್ಲಿ ಹೊಟ್ಟೆ ಬಗೆದುಕೊಳ್ಳುವ ಶಿಕ್ಷೆಗೆ ಗುರಿಯಾದ ಅಸಾನೊ ನಾಗನೋರಿ ಎಂಬ ದೊರೆಯ ಹೆಸರಿನಲ್ಲೂ ಅಂಥದ್ದೊಂದು ಉಳಿದಿದೆ ಎಂದು ನನಗೆ ಪಾಠ ಹೇಳಿದವನು ಅವನೇ. ಈಗಿನ ಜಪಾನಿನಲ್ಲಿ ಪದ್ಯದ ಗೊಡವೆ ಕಡಿಮೆ. ವಯಸ್ಸಾದವರು ತಮ್ಮ ಕೊನೆಯ ಏರ್ಪಾಡುಗಳನ್ನು ತಾವೇ ಮಾಡಿಟ್ಟುಕೊಳ್ಳುವುದಕ್ಕೆ ಶೂಕತ್ಸು ಎನ್ನುತ್ತಾರೆ, ಅದಕ್ಕೆಂದೇ ಅಚ್ಚು ಹಾಕಿದ 'ಎಂಡಿಂಗ್ ನೋಟ್' ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತವೆ. ನಮಗೆ ಅಚ್ಚಿನ ಪುಸ್ತಕ ಬೇಕಿಲ್ಲ. ಗೆರೆ ಹಾಕಿದ ನೋಟ್‌ಬುಕ್ ಸಾಕು. ಪದ್ಯ ಬರೆಯುವ ಆಸೆಯಿದ್ದರೆ ಕೊನೆಯ ಪುಟದಲ್ಲಿ ಬರೆಯಿರಿ. ಮೊದಲ ಪುಟದಲ್ಲಿ ಬೇರೆ ಕೆಲಸವಿದೆ.

ಮೊದಲ ಪುಟ: ಹೆಸರು

ಆಧಾರ್ ಕಾರ್ಡಿನಲ್ಲಿ ಇರುವಂತೆಯೇ, ಒಂದಕ್ಷರವೂ ಆಚೀಚೆ ಆಗದಂತೆ ನಿಮ್ಮ ಹೆಸರು ಬರೆಯಿರಿ, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ತಂದೆಯ ಹೆಸರು, ತಾಯಿಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ, ವಿಳಾಸ ಕೆಳಗೆ ಬರಲಿ. ಇದಕ್ಕೇಕೆ ಇಷ್ಟು ಒತ್ತು ಎಂದರೆ, ಕೌಂಟರಿಗೆ ಬಂದವರಲ್ಲಿ ತಾಯಿಯ ಪೂರ್ತಿ ಹೆಸರು ಗೊತ್ತಿಲ್ಲದ ಮಕ್ಕಳೇ ಹೆಚ್ಚು. ಮನೆಯಲ್ಲಿ ಲಕ್ಷ್ಮಮ್ಮ, ಪಹಣಿಯಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕಿನಲ್ಲಿ ಲಕ್ಷ್ಮಿ. ಆಸ್ಪತ್ರೆಯಲ್ಲಿ ಅವಸರಕ್ಕೆ ಯಾರೋ ಬರೆಸಿದ್ದೇ ಮರಣ ಪ್ರಮಾಣಪತ್ರಕ್ಕೂ ಬಂದು ಕೂರುತ್ತದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ, ಪಿಂಚಣಿಗೆ, ವಿಮೆಗೆ, ವಂಶವೃಕ್ಷಕ್ಕೆ ಎಲ್ಲ ಕಡೆಯೂ ಅದೇ ಕಾಗದ. ಒಂದು ಅಕ್ಷರದ ವ್ಯತ್ಯಾಸಕ್ಕೆ ಅಫಿಡವಿಟ್ಟು, ತಿದ್ದುಪಡಿ, ಅಲೆದಾಟ. ಈಗಲೇ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಹೆಸರು ಹೋಲಿಸಿ ನೋಡಿ. ತಿದ್ದಿಸುವುದು ಬದುಕಿದ್ದಾಗಲೇ ಸುಲಭ.

ನೋಂದಣಿಯ ನಿಯಮವನ್ನೂ ಅದೇ ಪುಟದ ಅಂಚಿನಲ್ಲಿ ಬರೆದಿಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದರೆ ಸಣ್ಣ ದಂಡ. ಅದನ್ನು ಮೀರಿದರೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ. ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ. ಮಂಡ್ಯದ ರೈತ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮಂಡ್ಯದ ಕಚೇರಿಯಲ್ಲಿ ಸಾಲು ನಿಲ್ಲುವುದು ವ್ಯರ್ಥ. ಆಸ್ಪತ್ರೆಯಲ್ಲಾದರೆ ಮಾಹಿತಿ ಕಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯವರದು. ಪ್ರಮಾಣಪತ್ರ ಬಂದಾಗ ಒಂದಕ್ಕೆ ತೃಪ್ತರಾಗದೆ ಹೆಚ್ಚುವರಿ ಪ್ರತಿಗಳನ್ನು ಆಗಲೇ ತೆಗೆದಿಟ್ಟುಕೊಳ್ಳಿ.

ಮೊದಲ ಆರು ಗಂಟೆ

ಮನೆಯಲ್ಲೇ ಉಸಿರು ನಿಂತರೆ ಮೊದಲು ಬೇಕಾದವರು ವೈದ್ಯರು. ಬಂದು ನೋಡಿ, ಸಾವಿನ ಕಾರಣ ಬರೆದು ಸಹಿ ಹಾಕಬೇಕು. ಮನೆಯ ಸಾವಿಗೆ ಬಳಸುವ ಆ ನಮೂನೆಗೆ 4ಎ ಎನ್ನುತ್ತಾರೆ. ನಿಮ್ಮನ್ನು ಬಲ್ಲ, ರಾತ್ರಿ ಕರೆದರೂ ಬರುವ ಡಾಕ್ಟರರ ನಂಬರು ನೋಟ್‌ಬುಕ್ಕಿನಲ್ಲಿರಲಿ. ಇರುವ ಕಾಯಿಲೆ, ನುಂಗುವ ಮಾತ್ರೆ, ಇವನ್ನೂ ಬರೆಯಿರಿ. ಅಪಘಾತ, ಬಿದ್ದು ಪೆಟ್ಟಾದದ್ದು, ವಿಷ, ಆತ್ಮಹತ್ಯೆ ಇವುಗಳಲ್ಲಿ ಪೊಲೀಸರಿಗೆ ತಿಳಿಸದೆ ದೇಹವನ್ನು ಕದಲಿಸಬಾರದು. "ಹೇಗೋ ಮುಗಿಸಿಬಿಡೋಣ" ಎನ್ನುವ ಹಿತೈಷಿಯ ಮಾತಿಗೆ ಕಿವಿಗೊಟ್ಟ ಸಂಸಾರಗಳು ಆಮೇಲೆ ಪಡುವ ಪಾಡು ಬೇಡ.

ಕಣ್ಣು ಕೊಡುವ ಇಷ್ಟವಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕಾಲಾವಕಾಶ ಇರುವುದು ಸುಮಾರು ಆರು ಗಂಟೆ ಮಾತ್ರ. ನೇತ್ರ ಭಂಡಾರದವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆದಿಂಬಿನಿಂದ ತಲೆಯನ್ನು ಸ್ವಲ್ಪ ಎತ್ತರಿಸಬೇಕು. ಕನ್ನಡಕ ಇದ್ದವರೂ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ಕೆಲವು ಸೋಂಕುಗಳಿದ್ದರೆ ಆಗುವುದಿಲ್ಲ, ಅದನ್ನು ಬಂದವರೇ ನೋಡಿ ಹೇಳುತ್ತಾರೆ. 2006ರಲ್ಲಿ ರಾಜಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರಿನಲ್ಲಿ ಪುನೀತ್ ಅವರ ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಆಮೇಲೆ ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ ಪ್ರತಿಜ್ಞಾ ಪತ್ರ ತುಂಬಿದರು. ಆದರೆ ಪತ್ರ ತುಂಬಿದ್ದರೂ ಆ ಹೊತ್ತಿನಲ್ಲಿ ಮನೆಯವರು ಒಪ್ಪಿಗೆ ಕೊಡಬೇಕು. ಆದ್ದರಿಂದ ಮಗನಿಗೆ ಹೇಳದೆ ಪರ್ಸಿನಲ್ಲಿ ಬಚ್ಚಿಟ್ಟ ಕಾರ್ಡು ಯಾರಿಗೂ ಕಣ್ಣು ಕೊಡುವುದಿಲ್ಲ.

ಮೂತ್ರಪಿಂಡ, ಯಕೃತ್ತಿನಂಥ ಅಂಗಗಳ ಮಾತು ಬೇರೆ. ಅದು ಸಾಧ್ಯವಾಗುವುದು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಿದುಳು ನಿಷ್ಕ್ರಿಯ ಎಂದು ಘೋಷಿಸಿದಾಗ. ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವ ಸಂಸ್ಥೆ ಜೀವಸಾರ್ಥಕತೆ. ದೇಹವನ್ನೇ ವೈದ್ಯಕೀಯ ಕಾಲೇಜಿಗೆ ಕೊಡುವುದಾದರೆ ಅಲ್ಲಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಮೊದಲೇ ಅರ್ಜಿ ತುಂಬಿ. ಮರಣೋತ್ತರ ಪರೀಕ್ಷೆ ಆದ ದೇಹವನ್ನು, ಕೆಲವು ಸೋಂಕುಗಳಿದ್ದ ದೇಹವನ್ನು ಅವರು ಸ್ವೀಕರಿಸುವುದಿಲ್ಲ. ಹಾಗಾದರೆ ಏನು ಮಾಡಬೇಕೆಂದು ಕೆಳಗಿನ ಸಾಲಿನಲ್ಲೇ ಬರೆದಿಡಿ.

ಸಂಸ್ಕಾರ

ಇಲ್ಲಿ "ನಮ್ಮ ಪದ್ಧತಿಯಂತೆ" ಎಂದಷ್ಟೇ ಬರೆದರೆ ಬರೆಯದೇ ಇದ್ದಂತೆ. ಯಾರ ಪದ್ಧತಿ? ಲಿಂಗಾಯತರಲ್ಲಿ ಕೂರಿಸಿ, ವಿಭೂತಿಯಿಟ್ಟು ಸಮಾಧಿ ಮಾಡುವುದುಂಟು. ಅದಕ್ಕೆ ಜಾಗ ಊರಿನ ತೋಟದಲ್ಲೋ ನಗರದ ರುದ್ರಭೂಮಿಯಲ್ಲೋ ಎಂಬುದು ಗೊತ್ತಾಗಬೇಕು. ಮುಸ್ಲಿಮರ ಮನೆಯಲ್ಲಿ ಮಣ್ಣು ಬೇಗ ಆಗಬೇಕು, ಯಾವ ಖಬರಸ್ತಾನ, ಗುಸುಲ್, ಅಂದರೆ ಶವಸ್ನಾನ, ಮಾಡಿಸುವವರು ಯಾರು ಎಂಬುದು ಮುಖ್ಯ. ಕ್ರೈಸ್ತರಿಗೆ ಪ್ಯಾರಿಷ್ ಕಚೇರಿಯ ನಂಬರು, ಸ್ಮಶಾನದಲ್ಲಿ ಕುಟುಂಬದ ಗೋರಿ ಇದ್ದರೆ ಅದರ ಕಾಗದ. ಸುಡುವವರಲ್ಲಿ ಸೌದೆಯೋ ವಿದ್ಯುತ್ ಚಿತಾಗಾರವೋ? ವಿದ್ಯುತ್ ಚಿತಾಗಾರದಲ್ಲಿ ಚೀಟಿ ಮಾಡಿಸುವಾಗ ವೈದ್ಯರ ಪತ್ರವನ್ನೂ ಇಬ್ಬರ ಆಧಾರ್ ಕಾರ್ಡನ್ನೂ ಕೇಳುವುದು ರೂಢಿ, ತೀರಿಕೊಂಡವರದು ಮತ್ತು ತಂದವರದು. ನನ್ನ ಒಲವು ವಿದ್ಯುತ್ತಿನದು. ಕ್ವಿಂಟಾಲುಗಟ್ಟಲೆ ಸೌದೆ ಉರಿಸಿಕೊಂಡು ಹೋಗುವಷ್ಟು ದೊಡ್ಡ ಮನುಷ್ಯಳಲ್ಲ ನಾನು.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಈ ಪುಟದ ನೆತ್ತಿಯ ಮೇಲೆ ಬರೆಯಿರಿ. ಬೆಂಕಿಯ ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ. ದಹನಕ್ಕೆ ಮೊದಲು ವೈದ್ಯರಿಂದ ತೆಗೆಸಬೇಕು.

ಕೊಳ್ಳಿ ಇಡುವವರ ಹೆಸರು ಬರೆಯಿರಿ. ಮಗಳೇ ಇಡಲಿ ಎಂದಿದ್ದರೆ ಅದನ್ನು ಬರೆದು ಸಹಿ ಮಾಡಿ, ಪುರೋಹಿತರಿಗೂ ಮೊದಲೇ ತಿಳಿಸಿಬಿಡಿ. ಸ್ಮಶಾನದ ಬಾಗಿಲಲ್ಲಿ ಆ ಹುಡುಗಿ ದಾಯಾದಿಗಳ ಜೊತೆ ಶಾಸ್ತ್ರಾರ್ಥ ನಡೆಸುವಂತೆ ಮಾಡುವುದು ಅನ್ಯಾಯ. ಉತ್ತರಕ್ರಿಯೆ ಎಷ್ಟು ದಿನ, ಹಾಲು ತುಪ್ಪ ಯಾವತ್ತು, ಶಿವಗಣಾರಾಧನೆಯೋ ಸಮಾರಾಧನೆಯೋ, ಎಷ್ಟು ಜನ, ಖರ್ಚಿನ ಮಿತಿ ಎಷ್ಟು? ರೂಪಾಯಿಯಲ್ಲೇ ಬರೆಯಿರಿ. ಏನೂ ಬೇಡವಾದರೆ "ಏನೂ ಬೇಡ" ಎಂದು ಬರೆಯಿರಿ. ಬರೆಯದಿದ್ದರೆ ಮಕ್ಕಳು ಸಾಲ ಮಾಡಿಯಾದರೂ ಮಾಡುತ್ತಾರೆ, ಜನ ಏನೆಂದುಕೊಳ್ಳುತ್ತಾರೋ ಎಂಬ ಭಯಕ್ಕೆ.

ಅಸ್ಥಿಗೆ ನಮ್ಮ ಕಡೆಯವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಬಿಟ್ಟ ಜಾಗಗಳಲ್ಲಿ ಅದೂ ಒಂದು. ಗೋಕರ್ಣ ಎನ್ನುವವರಿದ್ದಾರೆ, ಕಾಶಿಯೇ ಆಗಬೇಕು ಎನ್ನುವವರೂ ಇದ್ದಾರೆ. ಕಾಶಿ ಎಂದು ಬರೆಯುವ ಮೊದಲು ಟಿಕೆಟ್ಟಿನ ದುಡ್ಡನ್ನೂ ಎತ್ತಿಡಿ. ಎಲ್ಲಿಗಾದರೂ ಸರಿ, ಮಡಕೆಯನ್ನು ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಎಸೆಯಬೇಡಿ.

ಆಸ್ಪತ್ರೆಯ ಕೊನೆಯ ದಿನಗಳು

ವೆಂಟಿಲೇಟರಿನಲ್ಲಿ ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆಗೆ ಈಗ ಕಾನೂನಿನ ದಾರಿಯಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ, 2023ರ ಜನವರಿಯಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನ ಅದು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದರ ಜಾರಿಗೆ ಆದೇಶ ಹೊರಡಿಸಿತು. ಚೇತರಿಕೆಯ ಆಸೆ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ನಿಮ್ಮ ಪರವಾಗಿ ಮಾತಾಡುವವರು ಯಾರು ಎಂಬುದನ್ನು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಇದಕ್ಕೆ ಸಾಲದು. ಬೇರೆ ಕಾಗದವೇ ಬೇಕು.

ದುಡ್ಡಿನ ವಿಷಯಕ್ಕೆ ಎರಡೇ ಮಾತು. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಕಾನೂನು ಒಪ್ಪುವ ಕೆಲಸವಲ್ಲ. ಆದ್ದರಿಂದ ಮೊದಲ ದಿನಗಳ ಖರ್ಚಿಗೆ, ಅಂದರೆ ಫ್ರೀಜರ್ ಪೆಟ್ಟಿಗೆ, ಶವವಾಹನ, ಹೂವು, ಪುರೋಹಿತರ ದಕ್ಷಿಣೆ ಇಷ್ಟಕ್ಕೆ, ನಗದು ಒಂದು ಲಕೋಟೆಯಲ್ಲಿರಲಿ. ಬ್ಯಾಂಕಿನ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು, ಒಡೆಯರಲ್ಲ. ಹಂಚಿಕೆ ನಿಮ್ಮಿಷ್ಟದಂತೆ ಆಗಬೇಕಾದರೆ ಉಯಿಲೇ ಬೇಕು. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಹೋಗಿ ನೋಡಿಕೊಂಡು ಬನ್ನಿ.

ಒಂದು ಒಳ್ಳೆಯ ಫೋಟೋ ಆರಿಸಿ ರಟ್ಟಿನೊಳಗೆ ಅಂಟಿಸಿ. ಇಲ್ಲದಿದ್ದರೆ ಯಾವುದೋ ಮದುವೆಯ ಗುಂಪಿನ ಚಿತ್ರದಿಂದ ನಿಮ್ಮ ಮುಖ ಕತ್ತರಿಸಿ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸುತ್ತಾರೆ, ಹೆಗಲ ಮೇಲೆ ಯಾರದೋ ಕೈ ಉಳಿದಿರುತ್ತದೆ.

ನೋಟ್‌ಬುಕ್ಕನ್ನು ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ಲಾಕರ್ ತೆರೆಯಲು ಮರಣ ಪ್ರಮಾಣಪತ್ರ ಬೇಕು, ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಮ್ಮದು ಅಡುಗೆಮನೆಯ ಕಪಾಟಿನಲ್ಲಿ, ಗ್ಯಾಸ್ ಪುಸ್ತಕದ ಜೊತೆಗಿದೆ. ಅಲ್ಲಿದೆ ಎಂದು ಇಬ್ಬರಿಗಾದರೂ ಹೇಳಿ, ಅವರಲ್ಲಿ ಒಬ್ಬರು ಅದೇ ಊರಿನವರಾಗಿರಲಿ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಒಮ್ಮೆ ತೆರೆದು ಫೋನ್ ನಂಬರುಗಳನ್ನು ಸರಿಪಡಿಸಿ. ಹೋದ ಸಲ ನಾನು ತೆರೆದಾಗ ಪುರೋಹಿತರೇ ತೀರಿಕೊಂಡಿದ್ದರು. ಅವರ ಮಗನ ನಂಬರು ಬರೆದುಕೊಂಡೆ.