‘ಸೆಟ್’ ಪಕ್ಕ ಹೈಫನ್ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ತುಮಕೂರಿನ ಒಂದು ಪಾತ್ರೆ ಅಂಗಡಿಗೆ ಇಂಗ್ಲಿಷಿನಲ್ಲಿ ಆರ್ಡರ್ ಬಂದಿದೆ ಅಂದುಕೊಳ್ಳಿ. ‘ಟ್ವೆಂಟಿ ಫೋರ್ ಗ್ಲಾಸ್ ಸೆಟ್ಸ್’. ಎಲ್ಲೂ ಹೈಫನ್, ಅಂದರೆ ಪದಗಳ ನಡುವೆ ಹಾಕುವ ಚಿಕ್ಕ ಗೆರೆ, ಇಲ್ಲ. ಎಷ್ಟು ಲೋಟ ಕಳಿಸಬೇಕು?

ಟ್ವೆಂಟಿ-ಫೋರ್ ಅಂತ ಮೊದಲೆರಡು ಪದದ ನಡುವೆ ಹೈಫನ್ ಹಾಕಿದರೆ 24 ಸೆಟ್. ಒಂದೊಂದರಲ್ಲಿ ಎಷ್ಟು ಲೋಟ ಅನ್ನೋದನ್ನು ಬೇರೆ ಕೇಳಬೇಕು. ಹೈಫನ್ನನ್ನು ಒಂದು ಪದ ಮುಂದಕ್ಕೆ ತಳ್ಳಿ ಫೋರ್-ಗ್ಲಾಸ್ ಮಾಡಿದರೆ, ನಾಲ್ಕು ಲೋಟದ ಸೆಟ್ 20, ಅಂದರೆ 80 ಲೋಟ. ಮೂರನ್ನೂ ಸೇರಿಸಿ ಟ್ವೆಂಟಿ-ಫೋರ್-ಗ್ಲಾಸ್ ಅಂತ ಬರೆದರೆ ಒಂದೊಂದು ಸೆಟ್ಟಿನಲ್ಲೂ 24 ಲೋಟ, ಆದರೆ ಎಷ್ಟು ಸೆಟ್ ಬೇಕು ಅನ್ನೋದೇ ಇಲ್ಲ. ಗ್ಲಾಸ್ ಅಂದರೆ ಲೋಟವೋ ಗಾಜೋ ಅನ್ನೋ ಗೊಂದಲ ಬೇರೆ. ಇಂಥ ಕಡೆ ಹೈಫನ್ ಜಾಣತನ ತೋರಿಸೋಕೆ ಹೋಗಬೇಡಿ. ‘20 ಸೆಟ್ಸ್ ಆಫ್ 4 ಗ್ಲಾಸಸ್’ ಅಂತ ಅಂಕಿಯಲ್ಲೇ ಬರೆದುಬಿಡಿ. ಓದುವವರಿಗೂ ಸುಲಭ, ಬಿಲ್ ಹಾಕುವವರಿಗೂ ಸುಲಭ.

ಸೆಟ್ ಅನ್ನೋದನ್ನೇ ಹಿಡಿದುಕೊಳ್ಳಲು ಕಾರಣ ಇದೆ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದ ವಿವರಣೆ ಇದ್ದದ್ದು ಈ ಮೂರಕ್ಷರದ ಪದಕ್ಕೆ. ಕ್ರಿಯಾಪದವಾಗಿಯೇ ಸುಮಾರು 430 ಅರ್ಥ. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು, ಅದು ಬೇರೆ ಮಾತು. ನಮ್ಮ ಕಡೆಯೇ ನೋಡಿ, ಬೆಳಿಗ್ಗೆ ಹೋಟೆಲಲ್ಲಿ ಸೆಟ್ ದೋಸೆ, ತೆಂಗಿನ ತೋಟದಲ್ಲಿ ಪಂಪ್‌ಸೆಟ್, ಟೀವಿ ಪಕ್ಕ ಸೆಟ್-ಟಾಪ್ ಬಾಕ್ಸ್, ಆಹ್ವಾನ ಪತ್ರಿಕೆ ಹೊಡೆಯೋದು ಆಫ್‌ಸೆಟ್ ಪ್ರೆಸ್ಸಲ್ಲಿ, ಮೋಲ್ಡಿಂಗ್ ಹಾಕಿದ ಮೇಲೆ ಸಿಮೆಂಟ್ ಸೆಟ್ ಆಗಬೇಕು, ಕೊನೆಗೆ ಹುಡುಗ ಹುಡುಗಿ ಒಪ್ಪಿದರೆ ಮದುವೆಯೂ ‘ಸೆಟ್ಟಾಯ್ತು’. ಒಂದರಲ್ಲಿ ಜಾಗ ಬಿಟ್ಟಿದೆ, ಒಂದರಲ್ಲಿ ಹೈಫನ್, ಇನ್ನೊಂದರಲ್ಲಿ ಅಂಟಿಕೊಂಡಿದೆ. ಯಾಕೆ ಹೀಗೆ?

ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ. ಈ ವಾಕ್ಯದಲ್ಲಿ ಆ ಪದ ಕೆಲಸ ಹೇಳ್ತಿದೆಯಾ, ವಸ್ತುವಿನ ಹೆಸರಾ, ಇಲ್ಲಾ ಮುಂದಿನ ಪದವನ್ನು ಬಣ್ಣಿಸ್ತಿದೆಯಾ?

ಕೆಲಸ ಹೇಳ್ತಿದ್ದರೆ ಜಾಗ ಬಿಡಿ, ಹೈಫನ್ ಬೇಡ. ‘ವಿ ಸೆಟ್ ಅಪ್ ಎ ಶಾಪ್ ಇನ್ ಗುಬ್ಬಿ’ ಎಂಬಲ್ಲಿ ಸೆಟ್ ಬೇರೆ, ಅಪ್ ಬೇರೆ. ಸೆಟ್ ಆಫ್, ಸೆಟ್ ಅಸೈಡ್, ಸೆಟ್ ಬ್ಯಾಕ್ ಎಲ್ಲಕ್ಕೂ ಇದೇ. ಅನುಮಾನ ಬಂದರೆ ಭೂತಕಾಲಕ್ಕೆ ತಿರುಗಿಸಿ ನೋಡೋದು ಹಳೆಯ ಉಪಾಯ, ಆದರೆ ಸೆಟ್ ವಿಷಯದಲ್ಲಿ ಅದು ಕೈಕೊಡುತ್ತದೆ. ಭೂತಕಾಲದಲ್ಲೂ ಅದು ಸೆಟ್ಟೇ ಅಲ್ವಾ! ಹಾಗಾಗಿ ‘ಸೆಟ್ಟಿಂಗ್ ಅಪ್’ ಅಂತ ಮಾಡಿ ನೋಡಿ. ವಾಕ್ಯ ನಿಂತರೆ ಅದು ಕ್ರಿಯಾಪದ, ಜಾಗ ಬೇಕೇ ಬೇಕು.

ವಸ್ತುವಿನ ಹೆಸರಾದರೆ ಸಾಮಾನ್ಯವಾಗಿ ಅಂಟಿಕೊಳ್ಳುತ್ತದೆ. ‘ದಿ ಸೆಟಪ್ ಈಸ್ ಗುಡ್’ ಎಂಬಲ್ಲಿ ಒಂದೇ ಪದ. ಸೆಟ್‌ಬ್ಯಾಕ್ ಕೂಡ ಹಾಗೆ. ಮನೆ ಪ್ಲಾನ್ ಮಾಡಿಸಿದವರಿಗೆ ಈ ಪದ ಚೆನ್ನಾಗಿ ಗೊತ್ತಿರುತ್ತದೆ, ಸೈಟಿನ ಗಡಿಯಿಂದ ಗೋಡೆವರೆಗೆ ಬಿಡಬೇಕಾದ ಜಾಗ. ಮೈಂಡ್‌ಸೆಟ್, ಹೆಡ್‌ಸೆಟ್, ಸನ್‌ಸೆಟ್ ಇವೂ ಒಂದೇ ಪದ. ಆದರೆ ಟೀ ಸೆಟ್ ಎರಡು ಪದ. ಇಲ್ಲಿ ತರ್ಕ ಹುಡುಕಿದರೆ ಸುಮ್ನೆ ತಲೆನೋವು. ನಿಘಂಟು ನೋಡಿ, ಅದು ಹೇಳಿದ ಹಾಗೆ ಬರೆಯಿರಿ.

ಅದರಲ್ಲೂ ಹೊಸ ನಿಘಂಟೇ ನೋಡಿ. ಮನೆಯಲ್ಲಿ ಅಜ್ಜನ ಕಾಲದ ಡಿಕ್ಷನರಿ ಇದ್ದರೆ ಅದನ್ನು ಇದಕ್ಕೆ ಬಳಸಬೇಡಿ. 2007ರಲ್ಲಿ ಆಕ್ಸ್‌ಫರ್ಡ್‌ನ ಎರಡು ಸಂಪುಟದ ನಿಘಂಟು ಹೊಸದಾಗಿ ಬಂದಾಗ ಸುಮಾರು 16,000 ಪದಗಳ ಹೈಫನ್ ಕಿತ್ತುಹಾಕಿತು. ಐಸ್-ಕ್ರೀಮ್ ಎರಡು ಪದವಾಯಿತು, ಚಿಕ್-ಪೀ, ಅಂದರೆ ನಮ್ಮ ಕಡಲೆ, ಒಂದೇ ಪದವಾಯಿತು. ಇ-ಮೇಲ್‌ನಲ್ಲಿದ್ದ ಹೈಫನ್ನನ್ನು ಅಮೆರಿಕದ ಎಪಿ ಸುದ್ದಿಸಂಸ್ಥೆ 2011ರಲ್ಲಿ ಬಿಟ್ಟಿತು. ಪದ ಜಾಸ್ತಿ ಬಳಕೆಗೆ ಬಂದಷ್ಟೂ ಹೈಫನ್ ಉದುರುತ್ತಾ ಹೋಗುತ್ತದೆ.

ಮೂರನೆಯದು, ಬಣ್ಣಿಸುವುದು. ಹೈಫನ್ನಿಗೆ ನಿಜವಾದ ಕೆಲಸ ಇರೋದು ಇಲ್ಲೇ. ಎರಡು ಪದ ಜೊತೆಯಾಗಿ ಮುಂದಿನ ಹೆಸರನ್ನು ಬಣ್ಣಿಸಿದರೆ ನಡುವೆ ಹೈಫನ್. ಸೆಟ್-ಟಾಪ್ ಬಾಕ್ಸ್ ಅಂದರೆ ಟೀವಿ ಸೆಟ್ಟಿನ ಮೇಲೆ ಇಡುವ ಡಬ್ಬ. ಹಾಗಾಗಿ ಹೈಫನ್ ಸೆಟ್ ಮತ್ತು ಟಾಪ್ ನಡುವೆ, ಟಾಪ್ ಮತ್ತು ಬಾಕ್ಸ್ ನಡುವೆ ಅಲ್ಲ. ‘ವೆಲ್-ನೋನ್ ಡಾಕ್ಟರ್’ ಅಂದಾಗ ಹೈಫನ್ ಬೇಕು, ‘ದಿ ಡಾಕ್ಟರ್ ಈಸ್ ವೆಲ್ ನೋನ್’ ಅಂದಾಗ ಬೇಡ, ಯಾಕಂದ್ರೆ ಬಣ್ಣಿಸುವ ಮಾತು ಹೆಸರಿನ ನಂತರ ಬಂತು. ನ್ಯೂಲಿ, ಫ್ರೆಶ್ಲಿ ಥರ ‘ಲಿ’ಯಿಂದ ಮುಗಿಯುವ ಕ್ರಿಯಾವಿಶೇಷಣದ ನಂತರ ಹೈಫನ್ ಹಾಕುವುದಿಲ್ಲ. ‘ನ್ಯೂಲಿ-ಓಪನ್ಡ್’ ಅಂತ ಬೋರ್ಡಲ್ಲಿ ಬರೆಸಿದ್ದರೆ ಆ ಗೆರೆ ಸುಮ್ನೆ ದಂಡ.

ನಮ್ಮವರು ಎಡವುವುದಕ್ಕೆ ಕನ್ನಡದ ಅಭ್ಯಾಸವೂ ಕಾರಣ ಇರಬಹುದು. ತಂದೆ-ತಾಯಿ, ಹಣ್ಣು-ಕಾಯಿ ಅಂತ ನಾವು ಬರೆಯುವಾಗ ಆ ಗೆರೆ ‘ಮತ್ತು’ ಅನ್ನೋ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ‘ಇವೆರಡನ್ನೂ ಒಂದೇ ಅಂತ ಓದಿ’ ಅಂತ ಹೇಳುತ್ತದೆ. ಟೀ ಮತ್ತು ಕಾಫಿ ಎರಡೂ ಸಿಗುತ್ತದೆ ಅನ್ನೋಕೆ ಅಲ್ಲಿ ಹೈಫನ್ ಸಾಲದು.

ಕೆಲವು ಕಡೆಯಂತೂ ಹೈಫನ್ ಬಿಟ್ಟರೆ ಅರ್ಥವೇ ಉಲ್ಟಾ ಆಗುತ್ತದೆ. ರಿಸೈನ್ ಅಂದರೆ ರಾಜೀನಾಮೆ, ರೀ-ಸೈನ್ ಅಂದರೆ ಮತ್ತೆ ಸಹಿ ಹಾಕೋದು. ಇಂಗ್ಲಿಷಿನಲ್ಲಿ ಎರಡಕ್ಕೂ ಅವೇ ಅಕ್ಷರ, ವ್ಯತ್ಯಾಸ ಆ ಗೆರೆಯೊಂದೇ. ಬಾಡಿಗೆ ಕರಾರು ಮುಂದುವರಿಸುವ ಪತ್ರದಲ್ಲಿ ಅದನ್ನು ಮರೆಯಬೇಡಿ.

ಇನ್ನು ಟೈಪಿಂಗ್. ಡಿಟಿಪಿ ಅಂಗಡಿಗಳಲ್ಲಿ ‘ಮೈನಸ್ ಹೊಡಿ’ ಅಂತಾರೆ, ಕೀಬೋರ್ಡಿನಲ್ಲಿ ಕೀ ಅದೇ. ಸಾಲು ತುಂಬಿತು, ಪದ ಹಿಡಿಸಲಿಲ್ಲ ಅಂತ ಆ ಮೈನಸ್ಸನ್ನೇ ಹೊಡೆದು ಪದ ಮುರಿಯಬೇಡಿ. ನಾಳೆ ಗ್ರಾಹಕರು ಫಾಂಟ್ ದೊಡ್ಡದು ಮಾಡಿ ಅಂದಾಗ ಸಾಲು ಸರಿದು ಆ ಗೆರೆ ನಟ್ಟನಡುವೆ ಬಂದು ಕೂರುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್ ಹಿಡಿದು ಹೈಫನ್ ಒತ್ತಿ. ಆಗ ಸಾಲಿನ ಕೊನೆಗೆ ಬಂದಾಗ ಮಾತ್ರ ಗೆರೆ ಕಾಣುತ್ತದೆ, ಇಲ್ಲದಿದ್ದರೆ ಅಡಗಿರುತ್ತದೆ. ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಹಿಡಿದರೆ ಇದಕ್ಕೆ ಉಲ್ಟಾ, ಗೆರೆ ಕಾಣುತ್ತದೆ ಆದರೆ ಅಲ್ಲಿ ಸಾಲು ಮುರಿಯುವುದಿಲ್ಲ. ಕೆ-ಸೆಟ್ ಬರೆಯುವಾಗ ಇದನ್ನೇ ಬಳಸಿ, ಇಲ್ಲದಿದ್ದರೆ ‘ಕೆ-’ ಒಂದು ಸಾಲಲ್ಲಿ, ‘ಸೆಟ್’ ಕೆಳಗಿನ ಸಾಲಲ್ಲಿ ಬೀಳಬಹುದು. ಅಂದಹಾಗೆ ಆ ಸೆಟ್ ನಮ್ಮ ಸೆಟ್ ಅಲ್ಲ, ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.

ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಪದ ಮುರಿಯುವುದಿಲ್ಲ, ಸೆಟ್ ಹಾಗೇ ಇಡಿಯಾಗಿ ಕೆಳಗೆ ಹೋಗಬೇಕು. ಕನ್ನಡದಲ್ಲಿ ಒತ್ತಕ್ಷರವನ್ನು ಒಡೆಯಬಾರದು. ಸಿದ್ಧಗಂಗಾ ಅನ್ನೋದನ್ನು ಸಿದ್ಧ-ಗಂಗಾ ಅಂತ ಮುರಿಯಬಹುದು, ಸಿದ್-ಧಗಂಗಾ ಅಂತ ಮುರಿದರೆ ನೋಡೋಕಾಗಲ್ಲ. ಮದುವೆ ಕಾರ್ಡಿನಲ್ಲಿ ವಧೂವರರ ಹೆಸರನ್ನಂತೂ ಮುರಿಯಲೇಬೇಡಿ, ಜಾಗ ಸಾಲದಿದ್ದರೆ ಫಾಂಟ್ ಚಿಕ್ಕದು ಮಾಡಿ.

ಪಂಪ್‌ಸೆಟ್ ಟೈಪ್ ಮಾಡುವಾಗ ‘ಪಂಪ್ಸೆಟ್’ ಅಂತ ಸ ಒತ್ತಾಗಿ ಕೆಳಗಿಳಿಯುತ್ತದಲ್ಲ, ಅದನ್ನು ತಪ್ಪಿಸೋಕೆ ಕೆಲವರು ನಡುವೆ ಹೈಫನ್ ಹಾಕುತ್ತಾರೆ. ಬೇಕಿಲ್ಲ. ವರ್ಡ್‌ನಲ್ಲಿ ‘ಪಂಪ್’ ಆದ ಕೂಡಲೇ 200 ಮತ್ತು ಇಂಗ್ಲಿಷಿನ ಸಿ ಅಕ್ಷರ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಕಣ್ಣಿಗೆ ಕಾಣದ ಒಂದು ತಡೆ ಅಲ್ಲಿ ಕೂರುತ್ತದೆ. ಆಮೇಲೆ ‘ಸೆಟ್’ ಬರೆದರೆ ಎರಡೂ ಬಿಡಿಬಿಡಿಯಾಗಿ, ಆದರೆ ಒಂದೇ ಪದವಾಗಿ ನಿಲ್ಲುತ್ತವೆ.

ಪ್ರಿಂಟಿಗೆ ಕೊಡುವ ಮೊದಲು ಪಿಡಿಎಫ್ ಮಾಡಿ, ಸಾಲುಗಳ ಬಲ ಅಂಚನ್ನಷ್ಟೇ ಮೇಲಿಂದ ಕೆಳಗೆ ಒಮ್ಮೆ ನೋಡಿ. ಮುರಿದ ಹೆಸರು, ಒಂಟಿ ‘ಕೆ-’ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.