ಮೊಬೈಲಿನಲ್ಲೇ ಕತೆ ಬರೆಯುವವರಿಗೆ

ನಾನು ಬರೆಯುವುದು ಮಧ್ಯಾಹ್ನ, ಅತ್ತೆ ಮಲಗಿದ ಮೇಲೆ. ಟೈಪ್ ಮಾಡಲು ಪುರುಸೊತ್ತಿಲ್ಲದಿದ್ದರೆ ಗೂಗಲ್ಲಿನ ಕೀಲಿಮಣೆ ಜೀಬೋರ್ಡಿನ ಮೈಕ್ ಒತ್ತಿ ಹೇಳಿಬಿಡಿ. ನಮ್ಮ ಶಿರಸಿ ಕಡೆಯ ಮಾತು ಅದಕ್ಕೆ ಅರ್ಧಂಬರ್ಧ ತಿಳಿಯುತ್ತದೆ. ಆಮೇಲೆ ಗಟ್ಟಿಯಾಗಿ ಓದಿಕೊಂಡು ತಿದ್ದಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದಿಟ್ಟದ್ದನ್ನು ಮಾತ್ರ ನೇರ ಅಂಟಿಸಬೇಡಿ. ಅದು ಯೂನಿಕೋಡ್ (ಈಗ ಮೊಬೈಲುಗಳೆಲ್ಲ ಬಳಸುವ ಅಕ್ಷರ ಸಂಕೇತ) ಅಲ್ಲ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ಮೊದಲು ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗದಿರಲು ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಅಕ್ಷರ ಬೇಕು.

ಪ್ರಕಟಿಸಿದ ಮೇಲೆ ಲೈಕ್ ಎಣಿಸುತ್ತಾ ಕೂರಬೇಡಿ (ನಾನು ಕೂರುತ್ತೇನೆ, ಅದು ಬೇರೆ ಮಾತು). ಗುರುತಿಲ್ಲದ ಯಾರೋ ‘ಆ ಅಜ್ಜಿ ಮುಂದೇನಾದಳು?’ ಎಂದು ಕೇಳಿದ ದಿನ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ನೆನಪಿರುವುದಿಲ್ಲ.