ಅಮೆರಿಕದ ವೋಟಿನ ಲೆಕ್ಕದಲ್ಲಿ ಅಭ್ಯರ್ಥಿಯ ಸೆಳೆತ ಅಳೆಯುವ ಬಗೆ

2016ರ ನವೆಂಬರಿನಲ್ಲಿ ಹಾಸನದಿಂದ ಚಿಕ್ಕಪ್ಪ ಫೋನ್ ಮಾಡಿದರು. "ಅಲ್ಲ ಕಣಮ್ಮ, ಆ ಯಮ್ಮಂಗೆ ವೋಟು ಜಾಸ್ತಿ ಅಂತಾರೆ, ಗೆದ್ದಿದ್ದು ಟ್ರಂಪ್ ಅಂತಾರೆ. ಹೆಂಗೆ?" ಆ ಯಮ್ಮ ಅಂದರೆ ಹಿಲರಿ ಕ್ಲಿಂಟನ್. ನಾನು ಎಲೆಕ್ಟೋರಲ್ ಕಾಲೇಜಿನ ಪಾಠ ಒಪ್ಪಿಸಿದೆ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿಟ್ಟ ಎಲೆಕ್ಟೋರಲ್ ಮತಗಳು: ಒಟ್ಟು 538 ಮತ, ಹೆಚ್ಚಿನ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಅಲ್ಲಿನ ಅಷ್ಟೂ ಮತ, 270 ಮುಟ್ಟಿದವರು ಅಧ್ಯಕ್ಷರು. 2018ರ ನಂತರ ಇದನ್ನು ಅವರಿಗೆ ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ವಿಧಾನಸಭೆಗೇ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತು, ಶೇ. 36ರ ಬಿಜೆಪಿ 104 ಸೀಟು ಗೆದ್ದಿತ್ತಲ್ಲ.

ಅವತ್ತು ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನಾನು ತಡವರಿಸಿದೆ: "ಹಂಗಾದ್ರೆ ಜನಕ್ಕೆ ನಿಜವಾಗ್ಲೂ ಬೇಕಾಗಿದ್ದು ಯಾರು?" ಅಂದಿನಿಂದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕೂತು ಪ್ರತಿ ಚುನಾವಣೆಯ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನೀವೂ ಮಾಡಿ ನೋಡಿ, ಕೂಡಿ ಕಳೆಯಲು ಬಂದರೆ ಸಾಕು.

ಮೊದಲು, ಕಾಯಿರಿ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ. 2024ರಲ್ಲಿ ಎಣಿಕೆಯ ರಾತ್ರಿ ಟ್ರಂಪ್ ಪಾಲು ಶೇ. 50 ದಾಟಿತ್ತು, ಎಲ್ಲ ಮುಗಿದಾಗ 49.8ಕ್ಕೆ ಇಳಿದಿತ್ತು. ರಾಜ್ಯಗಳು ಅಧಿಕೃತವಾಗಿ ಪ್ರಕಟಿಸಿದ ಅಂಕಿಯನ್ನಷ್ಟೇ ಬರೆದುಕೊಳ್ಳಿ.

ಒಟ್ಟು ವೋಟಿನ ಪಕ್ಕದಲ್ಲಿ ಶೇಕಡಾವಾರು ಬರೆಯುವುದನ್ನು ಮರೆಯಬೇಡಿ. ಟ್ರಂಪ್‌ಗೆ 2016ರಲ್ಲಿ 6.30 ಕೋಟಿ ವೋಟು ಬಿತ್ತು, 2020ರಲ್ಲಿ 7.42 ಕೋಟಿ. ಒಂದು ಕೋಟಿಗೂ ಮಿಕ್ಕಿ ಏರಿಕೆ ಅಂದಾಗ ಅಲೆಯೇ ಎದ್ದಂತೆ ಕಾಣುತ್ತದೆ. ಆದರೆ ಆ ವರ್ಷ ಮತ ಹಾಕಿದವರೇ ಹೆಚ್ಚು. ಅವರ ಪಾಲು 46.1ರಿಂದ 46.8 ಆಯಿತು, ಅಷ್ಟೆ. ಬೈಡನ್ 8.13 ಕೋಟಿ ಪಡೆದು ಗೆದ್ದರು.

ಮೂರನೆಯವರನ್ನೂ ಬಿಡಬೇಡಿ. 1992ರಲ್ಲಿ ಪಕ್ಷೇತರರಾಗಿ ನಿಂತ ರಾಸ್ ಪೆರೋ ಶೇ. 18.9 ಮತ ಪಡೆದರೂ ಎಲೆಕ್ಟೋರಲ್ ಮತ ಒಂದೂ ಸಿಗಲಿಲ್ಲ. ಗೆದ್ದ ಬಿಲ್ ಕ್ಲಿಂಟನ್‌ಗೆ 370 ಎಲೆಕ್ಟೋರಲ್ ಮತ, ಜನರ ಮತ ಮಾತ್ರ ಶೇ. 43. ಐವರಲ್ಲಿ ಒಬ್ಬರ ಹತ್ತಿರ ಹತ್ತಿರ ಜನ ಬೇರೊಬ್ಬರನ್ನು ಬಯಸಿದ್ದರು ಅನ್ನುವುದು ಜನಮತದ ಕಾಲಂನಲ್ಲಷ್ಟೇ ಉಳಿದಿದೆ.

ಇನ್ನು ನಾನು ಹೆಚ್ಚು ಹೊತ್ತು ಕೂರುವ ಪುಟ. ಅಭ್ಯರ್ಥಿಯನ್ನು ಎದುರಾಳಿಯ ಜೊತೆ ಹೋಲಿಸಿದರೆ ಯಾರು ಗೆದ್ದರು ಅನ್ನುವುದು ತಿಳಿಯುತ್ತದೆ. ಸೆಳೆತ ತಿಳಿಯಬೇಕಾದರೆ ಅದೇ ರಾಜ್ಯದಲ್ಲಿ, ಅದೇ ಪಕ್ಷದಿಂದ ಹಿಂದಿನ ಸಲ ನಿಂತವರ ಪಕ್ಕ ಇಡಿ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರು. ಟ್ರಂಪ್ ನಮ್ಮ ವಿಸ್ಕಾನ್ಸಿನ್ ಅನ್ನು 22,748 ಮತದಿಂದ ಗೆದ್ದರು. ಟ್ರಂಪ್ ಇಲ್ಲಿ ಹೊಸ ಜನರನ್ನು ಸೆಳೆದರು ಅಂತ ಎಲ್ಲರಂತೆ ನಾನೂ ನಂಬಿದ್ದೆ. ಲೆಕ್ಕ ಬರೆದಾಗ ಕಂಡದ್ದು ಬೇರೆ. 2012ರಲ್ಲಿ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದಿಂದ ನಿಂತು ಇಲ್ಲಿ ಸೋತ ರಾಮ್ನಿಗೆ 14.08 ಲಕ್ಷ, ಗೆದ್ದ ಟ್ರಂಪ್‌ಗೆ 14.05 ಲಕ್ಷ. ಡೆಮಾಕ್ರಟಿಕ್ ಪಕ್ಷದ ಒಬಾಮಾಗೆ ಆಗ 16.21 ಲಕ್ಷ, ಕ್ಲಿಂಟನ್‌ಗೆ 13.83 ಲಕ್ಷ. ಕರಗಿದ್ದು ಡೆಮಾಕ್ರಟಿಕ್ ಕಡೆಯ ರಾಶಿ. ಯಾರು ಮನೆಯಲ್ಲೇ ಉಳಿದರು, ಯಾರು ಪಕ್ಷ ಬದಲಿಸಿದರು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅಲ್ಲಿಗೇ ನಿಲ್ಲಿ, ಕಥೆ ಕಟ್ಟಬೇಡಿ.

"ಕ್ಯಾಲಿಫೋರ್ನಿಯಾ ತೆಗೆದುಬಿಟ್ಟರೆ ಕ್ಲಿಂಟನ್ ಮುನ್ನಡೆಯೇ ಇಲ್ಲ" ಎಂದು ವಾದಿಸುವವರು ಸಿಗುತ್ತಾರೆ. ಆ ರಾಜ್ಯದಲ್ಲಿ ಅವರ ಅಂತರ 42 ಲಕ್ಷ ದಾಟಿತ್ತು ನಿಜ. ಆದರೆ ಅಲ್ಲಿಯವರೂ ಮತದಾರರೇ, ಅವರನ್ನು ಅಳಿಸುವ ಹಕ್ಕು ಲೆಕ್ಕ ಬರೆಯುವವರಿಗಿಲ್ಲ. ಗೆಲುವು ಸೋಲು ಮೊದಲೇ ಗೊತ್ತಿರುವ ಅಂಥ ರಾಜ್ಯಗಳಲ್ಲಿ ಪ್ರಚಾರ ಕಡಿಮೆ, ಅಷ್ಟನ್ನು ಪಕ್ಕದಲ್ಲಿ ಗುರುತು ಹಾಕಿ.

ಕೊನೆಯದಾಗಿ, ಒಂದೇ ದಿನ ಒಂದೇ ಮತಪತ್ರದಲ್ಲಿದ್ದ ಒಂದೇ ಪಕ್ಷದ ಇಬ್ಬರನ್ನು ಹೋಲಿಸಿ. ನನಗೆ ಎಲ್ಲಕ್ಕಿಂತ ನಂಬಿಕೆ ಇದರ ಮೇಲೆ, ಏಕೆಂದರೆ ಮತಗಟ್ಟೆಗೆ ಬಂದವರು ಅದೇ ಜನ. ಇಲ್ಲಿ ಪ್ರತಿ ಹುದ್ದೆಗೂ ಬೇರೆ ಬೇರೆಯಾಗಿ ಹೆಸರಿನ ಪಕ್ಕದ ಪುಟ್ಟ ವೃತ್ತಕ್ಕೆ ಪೆನ್ನಿನಿಂದ ಮಸಿ ತುಂಬುತ್ತೇವೆ. 2024ರಲ್ಲಿ ನಮ್ಮ ರಾಜ್ಯವನ್ನು ಟ್ರಂಪ್ ಸುಮಾರು 29,400 ಮತದಿಂದ ಗೆದ್ದರು. ಅದೇ ಹಾಳೆಯಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸ್ಥಾನವನ್ನು ಡೆಮಾಕ್ರಟಿಕ್ ಪಕ್ಷದ ಟ್ಯಾಮಿ ಬಾಲ್ಡ್‌ವಿನ್ ಸುಮಾರು 28,800 ಮತದಿಂದ ಗೆದ್ದರು. ಬಾಲ್ಡ್‌ವಿನ್ ಅವರ ವರ್ಚಸ್ಸೇ ಕಾರಣ ಅಂತ ನನ್ನ ಗೆಳತಿಯರೆಲ್ಲ ಸಂಭ್ರಮಪಟ್ಟರು. ನಾನು ನಾಲ್ಕು ಅಂಕಿ ಸಾಲಾಗಿ ಬರೆದೆ. ಅಧ್ಯಕ್ಷ ಹುದ್ದೆಗೆ ನಿಂತಿದ್ದ ಅದೇ ಪಕ್ಷದ ಕಮಲಾ ಹ್ಯಾರಿಸ್‌ಗಿಂತ ಬಾಲ್ಡ್‌ವಿನ್ ಪಡೆದದ್ದು 4,500ರಷ್ಟು ಮಾತ್ರ ಹೆಚ್ಚು. ಟ್ರಂಪ್‌ಗಿಂತ ಸೆನೆಟ್‌ಗೆ ನಿಂತಿದ್ದ ಅವರದೇ ಪಕ್ಷದ ಎರಿಕ್ ಹೋವ್ಡೆ ಪಡೆದದ್ದು ಸುಮಾರು 53,600 ಮತ ಕಡಿಮೆ. ಟ್ರಂಪ್‌ಗೆ ಬಿದ್ದಷ್ಟು ಮಸಿ ಹೋವ್ಡೆ ಹೆಸರಿನ ಪಕ್ಕ ಬೀಳಲಿಲ್ಲ. ಚಿಕ್ಕಪ್ಪನಿಗೆ ಆ ಭಾನುವಾರ ಓದಿ ಹೇಳಿದ್ದು ಈ ನಾಲ್ಕು ಸಾಲನ್ನೇ.